ಹೋಮ್ ಥಿಯೇಟರ್‌ನಲ್ಲಿ ಹಾಡು ಚೆನ್ನಾಗಿ ಕೇಳಿಸಬೇಕಾ?

ಮೊದಲು ರಿಸೀವರ್‌ನಲ್ಲಿ (ಸ್ಪೀಕರ್‌ಗಳೆಲ್ಲ ಸೇರುವ ಮುಖ್ಯ ಪೆಟ್ಟಿಗೆ) ಸರೌಂಡ್ ಮೋಡ್ ತೆಗೆದು ಸ್ಟೀರಿಯೊಗೆ ಹಾಕಿ. ಹೆಚ್ಚಿನ ಹಾಡುಗಳು ಎರಡೇ ಚಾನೆಲ್‌ಗೆ ಮಿಕ್ಸ್ ಆಗಿರುತ್ತವೆ. ಸುಮ್ನೆ ಐದು ಸ್ಪೀಕರ್‌ಗೆ ಹರಡಿದರೆ ದನಿ ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗುವುದಿಲ್ಲ.

ಆಮೇಲೆ ಮುಂದಿನ ಎರಡು ಸ್ಪೀಕರ್‌ಗಳನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೆದು, ಟ್ವೀಟರ್ (ಸ್ಪೀಕರ್‌ನಲ್ಲಿ ತೀಕ್ಷ್ಣ ದನಿ ಹೊರಡಿಸುವ ಚಿಕ್ಕ ಭಾಗ) ಕಿವಿಯ ಎತ್ತರಕ್ಕೆ ಬರುವಂತೆ ಇಟ್ಟು, ನೀವು ಕೂರುವ ಜಾಗದ ಜೊತೆ ಸಮಬಾಹು ತ್ರಿಕೋನ ಆಗುವಂತೆ ಹೊಂದಿಸಿ. ಇದನ್ನು ದಯವಿಟ್ಟು ಬಿಡಬೇಡಿ. ಸರಿಯಾಗಿ ಕೂತರೆ ಗಾಯಕರು ಎರಡು ಸ್ಪೀಕರ್‌ಗಳ ಮಧ್ಯೆ, ಖಾಲಿ ಜಾಗದಲ್ಲಿ ನಿಂತು ಹಾಡಿದಂತೆ ಕೇಳಿಸುತ್ತದೆ.

ಸಿನಿಮಾಗೆ ಅಂತ ಸಬ್‌ವೂಫರ್ (ಬೇಸ್ ದನಿಯ ಸ್ಪೀಕರ್) ಜಾಸ್ತಿ ಇಟ್ಟಿರುತ್ತೇವೆ, ಅಲ್ವಾ? ಕ್ರಾಸ್‌ಓವರ್ (ಎಷ್ಟು ಹರ್ಟ್ಸ್‌ಗಿಂತ ಕೆಳಗಿನ ದನಿ ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಸೆಟ್ಟಿಂಗ್) 80 ಹರ್ಟ್ಸ್‌ನಿಂದ ಶುರು ಮಾಡಿ, ಬೇಸ್ ಗಿಟಾರ್‌ನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸುವವರೆಗೆ ಸಬ್‌ವೂಫರ್‌ನ ವಾಲ್ಯೂಮ್ ಇಳಿಸಿ. ಇನ್ನೂ ಗುಂಯ್‌ಗುಟ್ಟಿದರೆ ಮೂಲೆಯಿಂದ ಆಚೆ ಸರಿಸಿ. ನೈಟ್ ಮೋಡ್ (ಜೋರು ದನಿ, ಮೆಲು ದನಿಗಳ ವ್ಯತ್ಯಾಸ ಕಡಿಮೆ ಮಾಡುವ ಸೆಟ್ಟಿಂಗ್) ಕೂಡ ಆಫ್ ಇರಲಿ.