ಡಿಶ್‌ವಾಷರ್ ತರುವ ಮೊದಲು ಸಿಂಕ್ ಕೆಳಗೆ ಬಗ್ಗಿ ನೋಡಿ

ಡಿಶ್‌ವಾಷರ್ ಬೇಕು ಅನ್ನಿಸಿದ ಕೂಡಲೇ ಮಾಡೆಲ್ ಹುಡುಕಲು ಕೂರಬೇಡಿ. ಮೊದಲು ಸಿಂಕ್ ಕೆಳಗೆ ಬಗ್ಗಿ, ಟಾರ್ಚ್ ಹಾಕಿ ನೋಡಿ. ನೀರು ಎಲ್ಲಿಂದ ಬರುತ್ತದೆ, ಕೊಳೆ ನೀರು ಎಲ್ಲಿಗೆ ಹೋಗುತ್ತದೆ, ಪ್ಲಗ್ ಎಲ್ಲಿ ಹಾಕಬಹುದು, ಈ ಮೂರು ಗೊತ್ತಾದರೆ ಮಷೀನು ಎಲ್ಲಿ ಕೂರಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಸಿಂಕ್ ಪಕ್ಕದ ಜಾಗವೇ ಸರಿ. ಮಷೀನಿನ ಜೊತೆ ಬರುವ ಪೈಪು ಹೆಚ್ಚಾಗಿ ಒಂದೂವರೆ ಮೀಟರ್ ಆಸುಪಾಸು ಇರುತ್ತದೆ, ಅಷ್ಟರಲ್ಲೇ ಮುಗಿದರೆ ಒಳ್ಳೆಯದು. ಪೈಪಿಗೆ ಪೈಪು ಜೋಡಿಸಿದರೆ ಆ ಜೋಡಣೆ ಮಷೀನಿನ ಹಿಂದೆ ಸೇರಿಕೊಳ್ಳುತ್ತದೆ, ತೊಟ್ಟಿಕ್ಕಿದರೂ ಕಣ್ಣಿಗೆ ಬೀಳುವುದಿಲ್ಲ.

ಅಗಲದಲ್ಲಿ ಎರಡು ಬಗೆ ಜಾಸ್ತಿ ಸಿಗುತ್ತವೆ, 60 ಸೆಂ.ಮೀ. ಮತ್ತು 45 ಸೆಂ.ಮೀ. ಕಟ್ಟೆಯ ಕೆಳಗೆ ಕೂರಿಸುವವು ಸುಮಾರು 82 ಸೆಂ.ಮೀ. ಎತ್ತರ, ಬಿಡಿಯಾಗಿ ನಿಲ್ಲುವವು ಸುಮಾರು 85. ಮಷೀನು ಕೂರುವ ಜಾಗದ ಎತ್ತರವನ್ನು ಮುಂದೆ, ಹಿಂದೆ, ಎಡ, ಬಲ, ನಾಲ್ಕೂ ಕಡೆ ಅಳೆಯಿರಿ, ಯಾಕೆಂದರೆ ನೆಲ ಎಲ್ಲ ಕಡೆ ಒಂದೇ ಮಟ್ಟ ಇರುವುದಿಲ್ಲ, ಅಲ್ವಾ? ಹೊಸ ಟೈಲ್ಸ್ ಹಾಕಿಸುವ ಯೋಚನೆ ಇದ್ದರೆ ಮಷೀನು ಕೂರುವ ಜಾಗಕ್ಕೂ ಹಾಕಿಸಿಬಿಡಿ. ಮಷೀನು ಕೂತ ಮೇಲೆ ಅದರ ಮುಂದಷ್ಟೇ ನೆಲ ಎತ್ತರವಾದರೆ, ರಿಪೇರಿಗೆ ಹೊರಗೆಳೆಯಲು ಆಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಬಾಗಿಲಿನ ಲೆಕ್ಕ ಬೇರೆಯೇ. ಅದು ಮುಂದಕ್ಕೆ ಮಲಗುತ್ತದೆ, ಸುಮಾರು 60 ಸೆಂ.ಮೀ. ಜಾಗ ತಿನ್ನುತ್ತದೆ. ಅಷ್ಟು ಉದ್ದಗಲದ ಹಳೆ ಪೇಪರ್ ಕತ್ತರಿಸಿ ನೆಲದ ಮೇಲೆ ಹಾಸಿ, ಒಂದು ದಿನ ಹಾಗೇ ಬಿಟ್ಟು ಅಡುಗೆ ಮಾಡಿ ನೋಡಿ. ಪೇಪರ್ ತುಳಿಯದೆ ಒಲೆಯಿಂದ ಸಿಂಕಿಗೆ ಹೋಗಲು ಆಗುತ್ತದಾ? ಪಕ್ಕದ ಡ್ರಾಯರ್ ಎಳೆದರೆ ಅದರ ಮೇಲೆ ಬರುತ್ತದಾ? ಟೇಪ್ ಹಿಡಿದು ಅಳೆದಾಗ ಕಾಣದ ತೊಂದರೆ ಇದರಲ್ಲಿ ಕಾಣುತ್ತದೆ.

ನೀರಿಗೆ ಪ್ರತ್ಯೇಕ ವಾಲ್ವ್ ಹಾಕಿಸಿ, ಕೈಗೆ ಸುಲಭವಾಗಿ ಸಿಗುವ ಕಡೆ. ಪೈಪಿನ ತುದಿ ಹೆಚ್ಚಾಗಿ ಮುಕ್ಕಾಲು ಇಂಚಿನದು. ಎಷ್ಟು ಪ್ರೆಶರ್ ಬೇಕು ಅನ್ನುವುದು ಮಾಡೆಲ್ಲಿನ ಮಾಹಿತಿಯಲ್ಲಿ ಇರುತ್ತದೆ. ಅಲ್ಲಿ 0.5 ಬಾರ್ ಅಂತ ಇದ್ದರೆ, ಟ್ಯಾಂಕಿನ ನೀರು ನಲ್ಲಿಗಿಂತ ಸುಮಾರು 5 ಮೀಟರ್ ಮೇಲಿರಬೇಕು ಅಂತ ಅರ್ಥ. ಕೆಲವು ಮಷೀನುಗಳ ಪೈಪಿನ ತುದಿಯಲ್ಲಿ ದಪ್ಪನೆಯ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಸೋರಿಕೆಯಾದರೆ ನೀರು ನಿಲ್ಲಿಸುವುದು ಅದೇ. ಒಳಗೆ ವಿದ್ಯುತ್ ತಂತಿ ಇರಬಹುದು, ಹಾಗಾಗಿ ಆ ಪೈಪನ್ನು ಯಾವ ಕಾರಣಕ್ಕೂ ಕತ್ತರಿಸಬಾರದು.

ಕೊಳೆ ನೀರಿನ ಪೈಪಿನ ಕಡೆ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಿ. ಅದನ್ನು ಸುಮ್ನೆ ನೆಲದ ಮೇಲೆ ಎಳೆದು ಕಿಂಡಿಗೆ ತುರುಕಿದರೆ ಸಾಲದು. ಮಷೀನಿನಿಂದ ಹೊರಟ ಪೈಪು ಮೊದಲು ಕಟ್ಟೆಯ ಅಡಿಭಾಗದವರೆಗೆ ಮೇಲೇರಬೇಕು, ಅಲ್ಲಿ ಒಂದು ಕ್ಲಿಪ್ಪಿನಿಂದ ಹಿಡಿದಿಟ್ಟು, ಆಮೇಲೆ ಇಳಿದು ಸಿಂಕಿನ ಬಾಗು ಪೈಪಿಗೆ ಸೇರಬೇಕು. ಹಾಗಿಲ್ಲದಿದ್ದರೆ ಸಿಂಕ್ ಕಟ್ಟಿಕೊಂಡ ದಿನ ಅದರ ಗಲೀಜು ನೀರು ತೊಳೆದ ತಟ್ಟೆಗಳ ಮೇಲೆಯೇ ವಾಪಸ್ ಬರುತ್ತದೆ. ಪ್ಲಂಬರ್ ಹೊರಡುವ ಮುನ್ನ ಈ ಏರುವ ಬಳುಕನ್ನು ನೀವೇ ಕಣ್ಣಾರೆ ನೋಡಿ.

ನೀರು ಕಾಯಿಸುವಾಗ ಮಷೀನು ಸುಮಾರು 2000 ವ್ಯಾಟ್ ಎಳೆಯುತ್ತದೆ. ಅರ್ಥಿಂಗ್ ಇರುವ ಪವರ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಸಾಕೆಟ್ ಮಷೀನಿನ ಹಿಂದೆ ಅಲ್ಲ, ಪಕ್ಕದ ಕಪಾಟಿನಲ್ಲಿ ಇರಲಿ.

ನಿಮ್ಮದು ಗಡಸು ನೀರಾದರೆ ಒಳಗೇ ಉಪ್ಪಿನ ಡಬ್ಬಿ ಇರುವ ಮಾಡೆಲ್ ನೋಡಿ. ಅದಕ್ಕೆ ಡಿಶ್‌ವಾಷರ್ ಉಪ್ಪೇ ಹಾಕಬೇಕು, ಅಡುಗೆ ಉಪ್ಪಲ್ಲ.

ಕೂರಿಸಿದ ಮೇಲೆ ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿಸಿ, ಪಾತ್ರೆ ಇಲ್ಲದೆ ಒಂದು ಸಲ ಓಡಿಸಿ. ಓಡುತ್ತಿರುವಾಗ ಪ್ರತಿ ಜೋಡಣೆಯ ಸುತ್ತ ಒಣ ಟಿಶ್ಯೂ ಒತ್ತಿ ನೋಡಿ. ಒಂದು ಹನಿಯ ಒದ್ದೆ ಕಂಡರೂ ಪ್ಲಂಬರ್ ಇರುವಾಗಲೇ ಬಿಗಿ ಮಾಡಿಸಿ.