ವಿಂಡ್ ಟನಲ್‌ನಲ್ಲಿ ಹನಿಯಾಕಾರದ ಮಾಡೆಲ್‌ಗೆ ಡ್ರ್ಯಾಗ್ ಜಾಸ್ತಿ ಬರ್ತಿದ್ರೆ

ತುಮಕೂರಿನ ನಮ್ಮ ಲ್ಯಾಬಿನ ವಿಂಡ್ ಟನಲ್‌ನಲ್ಲಿ (ಫ್ಯಾನಿನಿಂದ ಗಾಳಿ ಹಾಯಿಸಿ ಮಾಡೆಲ್ ಪರೀಕ್ಷಿಸುವ ಸುರಂಗ) ತಟ್ಟೆಯಾಕಾರದ ಮಾಡೆಲ್‌ಗೆ ಡ್ರ್ಯಾಗ್, ಅಂದರೆ ಗಾಳಿ ಹಿಂದಕ್ಕೆ ತಳ್ಳುವ ಬಲದ ಅಂಕಿ, ಸರಿಯಾಗೇ ಬರುತ್ತಿತ್ತು. ಹನಿಯಾಕಾರದ್ದು ಮಾತ್ರ ಕೈಕೊಡುತ್ತಿತ್ತು. ಡ್ರ್ಯಾಗ್ ಗುಣಾಂಕ (ಆ ಆಕಾರಕ್ಕೆ ಗಾಳಿಯ ತಡೆ ಎಷ್ಟೆಂದು ಹೇಳುವ ಸಂಖ್ಯೆ) 0.05ರ ಆಸುಪಾಸು ಇರಬೇಕಾದದ್ದು 0.2 ದಾಟುತ್ತಿತ್ತು.

ಬಲ ಅಳೆಯುವ ಲೋಡ್ ಸೆಲ್ ಕ್ಯಾಲಿಬ್ರೇಟ್ ಮಾಡಿದೆ, ಮಾಡೆಲ್ ಉಜ್ಜಿ ನುಣುಪು ಮಾಡಿದೆ. ಪ್ರಯೋಜನವಿಲ್ಲ. ಲೆಕ್ಕದಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225 ಕೆ.ಜಿ. ಬದಲು 1.07 ಹಾಕಿದೆ. ಊರು ಸುಮಾರು 820 ಮೀಟರ್ ಎತ್ತರದಲ್ಲಿದೆ ಅಲ್ವಾ, ಅದು ಸರಿಯೇ. ಆದರೆ ಗುಣಾಂಕ ಇನ್ನಷ್ಟು ಏರಿತು!

ಕಾರಣ, ಮಾಡೆಲ್ ಹಿಡಿದಿದ್ದ ದುಂಡು ಕಡ್ಡಿ. ಗಾಳಿ ಅದನ್ನೂ ತಳ್ಳುತ್ತದೆ. ತಟ್ಟೆಯ ದೊಡ್ಡ ಅಂಕಿಯಲ್ಲಿ ಇದು ಕಾಣಿಸುವುದೇ ಇಲ್ಲ.

ಮೊದಲು ಫ್ಯಾನ್ ಆಫ್ ಮಾಡಿ ಲೋಡ್ ಸೆಲ್ ಸೊನ್ನೆಗೆ ತನ್ನಿ. ಮಾಡೆಲನ್ನು ಬೇರೆ ಸ್ಟ್ಯಾಂಡಿನಿಂದ, ಕಡ್ಡಿಗೆ ಕೂದಲೆಳೆಯಷ್ಟು ಸಂದು ಬಿಟ್ಟು, ಅದರ ಜಾಗದಲ್ಲೇ ನಿಲ್ಲಿಸಿ. ಫ್ಯಾನ್ ಹಾಕಿ; ಸೆಕೆಂಡಿಗೆ 20 ಮೀಟರ್ ವೇಗಕ್ಕೆ, ಗಾಳಿಯ ಒತ್ತಡ ತೋರಿಸುವ ಮ್ಯಾನೋಮೀಟರಿನಲ್ಲಿ ಸುಮಾರು 22 ಮಿ.ಮೀ. ನೀರು ಬರಬೇಕು. ಈಗ ಲೋಡ್ ಸೆಲ್‌ನಲ್ಲಿ ಬರುವುದು ಕಡ್ಡಿಯದ್ದು ಮಾತ್ರ, ಬರೆದಿಡಿ. ಆಮೇಲೆ ಸ್ಟ್ಯಾಂಡ್ ತೆಗೆದು, ಮಾಡೆಲನ್ನು ಕಡ್ಡಿಗೆ ಸಿಕ್ಕಿಸಿ, ಅದೇ ವೇಗದಲ್ಲಿ ಅಳೆದು, ಬರೆದಿಟ್ಟದ್ದನ್ನು ಅದರಿಂದ ಕಳೆಯಿರಿ. ಸುಮ್ನೆ ಬರೀ ಕಡ್ಡಿ ಇಟ್ಟು ಅಳೆದರೆ ಸಾಲದು, ಮಾಡೆಲ್ ಪಕ್ಕದಲ್ಲಿ ಗಾಳಿಯ ಹರಿವೇ ಬೇರೆ.