ರಾಗಿ ಬೇರಿಗೆ ಅಜೋಸ್ಪಿರಿಲಂ ಹತ್ತಿಸಿದ ಬಗೆ: ನನ್ನ ಅನುಭವ

ಅಜೋಸ್ಪಿರಿಲಂ ಅಂದರೆ ಬೇರಿಗೆ ಅಂಟಿ ಬದುಕುವ, ಗಾಳಿಯ ಸಾರಜನಕ ಹಿಡಿಯುವ ಸೂಕ್ಷ್ಮಾಣು. ಇದ್ದಿಲು ಪುಡಿಯಲ್ಲಿ ಬೆರೆಸಿ ಪ್ಯಾಕೆಟ್ಟಿನಲ್ಲಿ ಕೊಡುತ್ತಾರೆ. 2024ರ ಬೆಳೆಯನ್ನು ಸಂಕ್ರಾಂತಿ ಆಸುಪಾಸಿನಲ್ಲಿ ಕಣದಲ್ಲಿ ತೂಕ ಹಾಕಿದಾಗ ಅಪ್ಪ ಆ ಪುಡಿ ಹಾಕಿದ ಕಡೆಯದು, ಹಾಕದ ಕಡೆಯದು ಎರಡೂ ರಾಶಿ ನೋಡಿ, "ಬರೋ ವರ್ಷ ಕೆಳಗಿನ ಹೊಲಕ್ಕೂ ಹಾಕು" ಅಂದರು. ನಾಲ್ಕು ವರ್ಷದಿಂದ "ಇದ್ದಿಲು ಪುಡಿಗೆ ದುಡ್ಡು ಸುರೀತಿದ್ದೀಯಲ್ಲೋ" ಅಂತ ಬೈದವರು ಅವರೇ.

ನಮ್ಮದು ಕುಣಿಗಲ್ ಕಡೆಯ ಕೆಂಪು ಮಣ್ಣು, ಮಳೆ ನಂಬಿದ ಹೊಲ. ರಾಗಿ ತಳಿ ಎಂಎಲ್-365, ನಡುವೆ ಅವರೆ ಅಕ್ಕಡಿ ಸಾಲು.

2020ರಲ್ಲಿ ಕೆಟ್ಟಿದ್ದು ನನ್ನ ಕೈಯಿಂದಲೇ. ಬೀಜಕ್ಕೆ ಥೈರಾಮ್ ಎಂಬ ಶಿಲೀಂಧ್ರನಾಶಕ ಹಚ್ಚಿ, ಅದರ ಮೇಲೇ ಬೆಲ್ಲದ ಪಾಕದಲ್ಲಿ ಪುಡಿ ಕಲೆಸಿದೆ. ಶಿಲೀಂಧ್ರಕ್ಕೆ ಹಾಕಿದ ವಿಷ ಈ ಸೂಕ್ಷ್ಮಾಣುಗಳನ್ನು ಬಿಡುತ್ತದೆಯೇ? ಮರುವರ್ಷ ಅಂಗಡಿಯೊಂದರಿಂದ ಪುಡಿ ಕೊಂಡು ತಂದೆ. ತಗಡಿನ ಸೂರಿನಡಿ ಎಷ್ಟು ದಿನ ಬೆಂದಿತ್ತೋ, ಅವಧಿ ಮುಗಿಯಲು ಹತ್ತೇ ದಿನ ಉಳಿದಿತ್ತು. ಎರಡು ವರ್ಷದ ಪ್ಯಾಕೆಟ್ಟು, ಓಡಾಟ, ಕೂಲಿ ಸೇರಿ ಎರಡು ಸಾವಿರದ ಹತ್ತಿರ ಹೋಯಿತು. ಅಪ್ಪ ಒಂದು ಪೈರು ಕಿತ್ತು, "ಅವರೆ ಬೇರಲ್ಲಿರೋ ಗಂಟು ಇದರಲ್ಲೆಲ್ಲೋ?" ಅಂದರು. ಇದು ಗಂಟು ಕಟ್ಟುವುದಿಲ್ಲ, ಬೇರಿನ ಮೈಮೇಲೆ ಕೂರುತ್ತದೆ ಅಂದರೆ ಯಾರು ಕೇಳುತ್ತಾರೆ!

2022ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಜಿಕೆವಿಕೆಗೇ ಹೋಗಿ ಪುಡಿ ತಂದೆ. ಬಿಸಿ ತಾಗದಿರಲಿ ಅಂತ ಬಸ್ಸಿನಲ್ಲಿ ಒದ್ದೆ ಬಟ್ಟೆ ಸುತ್ತಿದ ಚೀಲ, ಮನೆಯಲ್ಲಿ ಒದ್ದೆ ಮರಳಿನ ಮೇಲಿಟ್ಟ ಮಡಕೆ. ಥೈರಾಮ್ ಬಿಟ್ಟೆ. ಬೀಜಕ್ಕೆ ಹಚ್ಚಿ ನೆರಳಲ್ಲಿ ಆರಿಸಿ, ಅವತ್ತೇ ಹದ ನೋಡಿ ಕೂರಿಗೆ ಹೂಡಿದೆ. ಉಳಿದ ಪುಡಿಯನ್ನು ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರದಲ್ಲಿ ಕಲೆಸಿ, ಒದ್ದೆ ಗೋಣಿ ಹೊದಿಸಿ ಒಂದು ವಾರ ಇಟ್ಟು, ಸಾಲಿಗೇ ಬಿಟ್ಟೆ. ಆ ಗೊಬ್ಬರಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದನ್ನು ಇನ್ನೂ ಎರಡು ಬೆಳೆ ನೋಡಿ ಹೇಳುತ್ತೇನೆ.

ಬಿತ್ತಿದ ಇಪ್ಪತ್ತೈದನೇ ದಿನ ಪುಡಿ ಹಾಕಿದ, ಹಾಕದ ಎರಡೂ ಕಡೆಯಿಂದ ಪೈರು ಕಿತ್ತೆ. ಹಾಕದ ಕಡೆಯದು ಕೊಡವಿದರೆ ಮಣ್ಣೆಲ್ಲ ಉದುರಿ ಬರಿಬೇರು ನಿಂತಿತು. ಹಾಕಿದ ಕಡೆಯದಕ್ಕೆ ಮಣ್ಣು ಕಾಲುಚೀಲ ತೊಡಿಸಿದ ಹಾಗೆ ಅಂಟಿಕೊಂಡಿತ್ತು. ಬಕೆಟ್ ನೀರಲ್ಲಿ ನಿಧಾನಕ್ಕೆ ತೊಳೆದರೆ ಬೇರಿನ ತುಂಬ ಬಿಳಿ ನವಿರು. ಗಾಳಿಯ ಸಾರಜನಕ ಹಿಡಿಯುವುದಕ್ಕಿಂತ ಹೀಗೆ ಬೇರು ಹೆಚ್ಚಿಸುವುದೇ ಇದರ ದೊಡ್ಡ ಉಪಕಾರ ಅಂತ ನನಗೆ ಅನಿಸಿದ್ದು ಆವತ್ತೇ. 2023ರ ಬರದಲ್ಲಿ ಅದು ಖಾತ್ರಿಯಾಯಿತು. ಹಾಕಿದ ಕಡೆ ಗರಿ ಸುರುಳಿ ಸುತ್ತಿದ್ದು ನಾಲ್ಕೈದು ದಿನ ತಡವಾಗಿ.

ಯೂರಿಯಾ ಪೂರ್ತಿ ನಿಲ್ಲಿಸಿ ನೋಡಿದ್ದೂ ಉಂಟು, ನಾಲ್ಕು ಗುಂಟೆಯಲ್ಲಿ. ತೆಂಡೆ, ಅಂದರೆ ಬುಡದ ಕವಲು, ಒಡೆಯಲೇ ಇಲ್ಲ, ಪೈರು ಹಳದಿಗೆ ತಿರುಗಿತು. ದಂಡಿಯಾಗಿ ಸುರಿದರೂ ಈ ಸೂಕ್ಷ್ಮಾಣು ಸೋಮಾರಿಯಾಗುತ್ತದೆ, ಗಾಳಿಯಿಂದ ಹಿಡಿಯುವುದನ್ನೇ ಬಿಡುತ್ತದೆ. ಈಗ ಎಕರೆಗೆ ಒಂದು ಮೂಟೆ ಬದಲು ಮುಕ್ಕಾಲು. ಮೂಟೆಗೆ 266 ರೂಪಾಯಿ ಚಿಲ್ಲರೆ ಇರುವಾಗ ಅದರಲ್ಲಿ ಉಳಿಯುವುದು ಎಪ್ಪತ್ತರ ಒಳಗೆ, ಅದು ಲೆಕ್ಕಕ್ಕಿಲ್ಲ. ಲಾಭ ಕಾಳಲ್ಲಿದೆ. 2024ರಲ್ಲಿ ಅರ್ಧ ಎಕರೆಗೆ ಹಾಕದ ಕಡೆ ನಾಲ್ಕೂವರೆ ಕ್ವಿಂಟಾಲ್, ಹಾಕಿದ ಕಡೆ ಐದೂಕಾಲು ದಾಟಿತು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ, ಅಂದರೆ ಅರ್ಧ ಎಕರೆಗೇ ಮೂರು ಸಾವಿರದ ಮೇಲೆ. ಖರ್ಚು ಇನ್ನೂರೂ ಆಗಿಲ್ಲ. ಹುಲ್ಲು ಬೇರೆ. ನಮ್ಮ ಸುತ್ತ ಇಷ್ಟು ಸಲ ಹಾಕಿ, ತೂಕ ಹಾಕಿ ನೋಡಿದವರು ನನಗೆ ಗೊತ್ತಿರುವ ಹಾಗೆ ಇನ್ನೊಬ್ಬರಿಲ್ಲ.

ನಾಟಿ ರಾಗಿಗೆ ಪೈರಿನ ಬೇರನ್ನು ಪುಡಿ ಕಲೆಸಿದ ನೀರಲ್ಲಿ ಇಪ್ಪತ್ತು ನಿಮಿಷ ಅದ್ದಿ ನೆಟ್ಟಿದ್ದು ಇನ್ನೂ ಚೆನ್ನಾಗಿ ಹತ್ತಿತು. ಬಿಸಿಲು ಇಳಿದ ಮೇಲೆ ನೆಡಬೇಕು. ಮೆಕ್ಕೆಜೋಳಕ್ಕೆ ಬ್ರೆಜಿಲ್‌ನವರು ಇದನ್ನೇ ಹಚ್ಚುತ್ತಾರೆ ಅಂತ ಎರಡು ಗುಂಟೆಗೆ ಹಾಕಿದ್ದೆ. ಹಂದಿ ನುಗ್ಗಿ ಲೆಕ್ಕ ಸಿಗಲಿಲ್ಲ. ಮಜ್ಜಿಗೆಯಲ್ಲಿ ಕಲೆಸಿ ಹಾಕಿದ್ದು ದಂಡ, ಹುಳಿಗೆ ತಡೆಯಲಿಲ್ಲ ಅಂತ ಕಾಣುತ್ತದೆ.

ಈ ಸಲ ಪುನರ್ವಸು ಮಳೆಗೆ ಕೆಳಗಿನ ಹೊಲ. ಮಡಕೆ, ಮರಳು ಅಪ್ಪನೇ ಹೊಂದಿಸಿಟ್ಟಿದ್ದಾರೆ.